ಡೈವಿಂಗ್ ಮಾಸ್ಕ್‌ನ ಶುಚಿತ್ವ ಮತ್ತು ಮಂಜು ನಿವಾರಣೆ

ಡೈವಿಂಗ್ ಮಾಸ್ಕ್ ಎಂಬುದು ನೀರಿನಡಿಯಲ್ಲಿ ಈಜುವವರು ಕಣ್ಣು ಮತ್ತು ಮೂಗನ್ನು ಮುಚ್ಚುವಂತೆ ಧರಿಸುವ ಗಾಜಿನ ಮುಖಕವಚ. ಕಣ್ಣಿಗೆ ನೀರು ನೇರವಾಗಿ ತಾಗಿದರೆ ನೋಟ ಮಸುಕಾಗುತ್ತದೆ. ಮಾಸ್ಕ್‌ನೊಳಗಿನ ಗಾಳಿಯ ಪದರವು ಈ ತೊಡಕನ್ನು ನಿವಾರಿಸುತ್ತದೆ. ಆದರೆ ಅದೇ ಗಾಳಿಯ ತೇವವು ಗಾಜಿನ ಒಳಮೈಯಲ್ಲಿ ಮಂಜು ಕಟ್ಟಲು ಕಾರಣವಾಗುತ್ತದೆ. ಕರ್ನಾಟಕದಲ್ಲಿ ಸ್ಕೂಬಾ ಡೈವಿಂಗ್‌ಗೆ ಹೆಸರಾದ ನೇತ್ರಾಣಿ ದ್ವೀಪವು ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದಲ್ಲಿ ಅರಬ್ಬೀ ಸಮುದ್ರದಲ್ಲಿದೆ. ಅಲ್ಲಿಗೆ ಬರುವ ಅನೇಕರು ಮೊದಲ ಬಾರಿಗೆ ಮುಳುಗುವವರು. ನೀರಿನಡಿಯಲ್ಲಿ ತರಬೇತುದಾರರೊಡನೆ ಮಾತು ಸಾಧ್ಯವಿಲ್ಲ, ಕೈಸನ್ನೆಯೇ ಭಾಷೆ. ಗಾಜು ಮಬ್ಬಾದರೆ ಆ ಸನ್ನೆಯೂ ಕಾಣದೆ ಹೊಸಬರು ಗಾಬರಿಗೊಳ್ಳುತ್ತಾರೆ.

ಕಾರಣ

ಚರ್ಮ ಮತ್ತು ಉಸಿರಿನಿಂದ ಹೊರಟ ನೀರಾವಿಯು ತಂಪಾದ ಗಾಜಿನ ಮೇಲೆ ಸಾಂದ್ರೀಕರಣಗೊಂಡು ಸಣ್ಣ ಹನಿಗಳಾಗುತ್ತದೆ. ಕಡಲು ಬೆಚ್ಚಗಿದ್ದರೂ ಅದರ ನೀರು ಮೈಗಿಂತ ತಂಪು. ಹಾಗಾಗಿ ನಮ್ಮ ಕರಾವಳಿಯಲ್ಲಿಯೂ ಇದು ತಪ್ಪಿದ್ದಲ್ಲ. ಆವಿ ನೀರಾಗುವುದನ್ನು ತಡೆಯಲಾಗದು. ಅದು ಹನಿಗಟ್ಟುವುದನ್ನು ತಡೆಯಬಹುದು. ಜಿಡ್ಡಿರುವ ಗಾಜಿನ ಮೇಲೆ ನೀರು ಕೆಸುವಿನ ಎಲೆಯ ಮೇಲಿನಂತೆ ಹನಿಯಾಗಿ ನಿಂತು ಬೆಳಕನ್ನು ಚದುರಿಸುತ್ತದೆ. ಶುದ್ಧ ಗಾಜಿನ ಮೇಲೆ ಅದು ತೆಳು ಪೊರೆಯಾಗಿ ಹರಡುವುದರಿಂದ ನೋಟಕ್ಕೆ ಅಡ್ಡಿಯಾಗದು.

ಹೊಸ ಮಾಸ್ಕ್

ತಯಾರಿಕೆಯ ಹಂತದಲ್ಲಿ ಹೊಸ ಮಾಸ್ಕ್‌ನ ಗಾಜಿನ ಮೇಲೆ ಸಿಲಿಕೋನ್‌ನ ಕಣ್ಣಿಗೆ ಕಾಣದ ಪೊರೆ ಉಳಿದಿರುತ್ತದೆ. ಜೆಲ್ ಅಲ್ಲದ ಬಿಳಿ ಟೂತ್‌ಪೇಸ್ಟನ್ನು ಬೆರಳಿನಿಂದ ಗಾಜಿನ ಒಳಮೈಗೆ ಕೆಲವು ನಿಮಿಷ ಉಜ್ಜಿ ತೊಳೆಯುವುದು ರೂಢಿಯ ಕ್ರಮ. ತೊಳೆದು ಒಣಗಿಸಿದ ಗಾಜಿನ ಮೇಲೆ ಉಸಿರು ಬಿಟ್ಟಾಗ ಮಬ್ಬು ನಿಂತರೆ ಮತ್ತೊಮ್ಮೆ ಉಜ್ಜಬೇಕು. ಮಂಜುನಿರೋಧಕ ಲೇಪನವಿರುವ ಗಾಜಿಗೆ ಟೂತ್‌ಪೇಸ್ಟ್ ಬಳಸಬಾರದು, ಲೇಪನವೇ ಕಿತ್ತುಹೋಗುತ್ತದೆ. ಲೈಟರ್‌ನ ಜ್ವಾಲೆಯಿಂದ ಪೊರೆಯನ್ನು ಸುಡುವ ಪದ್ಧತಿಯೂ ಇದೆ. ಪ್ಲಾಸ್ಟಿಕ್ ಮಸೂರಕ್ಕೆ ಇದು ಸಲ್ಲದು. ಟೆಂಪರ್ಡ್ ಗಾಜಿನಲ್ಲಿಯೂ ಶಾಖ ಹೆಚ್ಚಾದರೆ ಬಿರುಕು ಬಿಡುವ ಮತ್ತು ಸುತ್ತಲಿನ ಸಿಲಿಕೋನ್ ಅಂಚು ಸುಡುವ ಅಪಾಯವಿದೆ. ಟೂತ್‌ಪೇಸ್ಟಿನಿಂದ ಆಗುವ ಕೆಲಸಕ್ಕೆ ಬೆಂಕಿ ಬೇಕಿಲ್ಲ.

ಮುಳುಗುವ ಮುನ್ನ

ಬಾಡಿಗೆಯ ಮಾಸ್ಕ್‌ಗಳಲ್ಲಿ ತೊಂದರೆ ಕೊಡುವುದು ಹಿಂದಿನವರ ಸನ್‌ಸ್ಕ್ರೀನ್ ಮತ್ತು ಬೆವರು. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಹಣೆಯಿಂದ ಇಳಿದರೂ ಫಲ ಅದೇ. ನೀರು ಬೆರೆಸಿದ ಮಕ್ಕಳ ಶಾಂಪೂವಿನ ಒಂದೆರಡು ಹನಿಯನ್ನು ಒಳಮೈಗೆ ಸವರಿ, ಒಮ್ಮೆ ಮಾತ್ರ ಲಘುವಾಗಿ ಜಾಲಿಸಬೇಕು. ಪೂರ್ತಿ ತೊಳೆದರೆ ಸವರಿದ್ದು ವ್ಯರ್ಥ. ಹಳೆಯ ಮುಳುಗುಗಾರರು ಉಗುಳನ್ನೇ ಬಳಸುತ್ತಾರೆ. ಅದೂ ನೀರಿನ ಮೇಲ್ಮೈ ಎಳೆತವನ್ನು ತಗ್ಗಿಸುತ್ತದೆ. ಆದರೆ ಹಲವರು ಒಂದೇ ಬಕೆಟ್ಟಿನಲ್ಲಿ ಮಾಸ್ಕ್ ಅದ್ದುವ ದೋಣಿಯಲ್ಲಿ ಸೋಂಕಿನ ದೃಷ್ಟಿಯಿಂದ ಶಾಂಪೂವೇ ಲೇಸು. ಮಾಸ್ಕನ್ನು ಹಣೆಯ ಮೇಲೆ ಏರಿಸಿಕೊಂಡು ಕುಳಿತರೆ ಬೆವರಿನ ಆವಿ ಒಳಸೇರುತ್ತದೆ. ಮೂಗಿನಿಂದ ಉಸಿರು ಬಿಡುವ ಅಭ್ಯಾಸವೂ ಮಂಜನ್ನು ಹೆಚ್ಚಿಸುತ್ತದೆ.

ನೀರಿನಡಿಯಲ್ಲಿ ಮಬ್ಬಾದರೆ ಮಾಸ್ಕನ್ನು ತೆಗೆಯುವ ಅಗತ್ಯವಿಲ್ಲ. ಅಂಚನ್ನು ಸ್ವಲ್ಪ ಸಡಿಲಿಸಿ ಒಂದಿಷ್ಟು ನೀರು ಒಳಬಿಟ್ಟು, ತಲೆ ಬಾಗಿಸಿ ಗಾಜಿನ ಮೇಲೆ ಹರಿಯಗೊಡಬೇಕು. ಬಳಿಕ ಚೌಕಟ್ಟಿನ ಮೇಲ್ಭಾಗವನ್ನು ಹಣೆಗೆ ಒತ್ತಿ, ಮುಖವನ್ನು ತುಸು ಮೇಲೆತ್ತಿ, ಮೂಗಿನಿಂದ ಉಸಿರು ಬಿಟ್ಟರೆ ನೀರು ಕೆಳ ಅಂಚಿನಿಂದ ಹೊರಹೋಗುತ್ತದೆ. ಇದನ್ನು ಆಳವಿಲ್ಲದ ನೀರಿನಲ್ಲಿಯೇ ಕಲಿತಿರಬೇಕು.

ಬಳಕೆಯ ನಂತರ

ಸಿಹಿನೀರಿನಲ್ಲಿ ನೆನೆಸಿ ಉಪ್ಪನ್ನು ತೆಗೆದು, ನೆರಳಿನಲ್ಲಿ ಒಣಗಿಸಬೇಕು. ಬಿಸಿಲಿಗೆ ಸಿಲಿಕೋನ್ ಬೇಗ ಹಾಳಾಗುತ್ತದೆ. ಮಳೆಗಾಲದಲ್ಲಿ ನೇತ್ರಾಣಿಯ ಡೈವಿಂಗ್ ನಿಲ್ಲುವುದರಿಂದ ಮಾಸ್ಕ್‌ಗಳು ತಿಂಗಳುಗಟ್ಟಲೆ ಪೆಟ್ಟಿಗೆಯಲ್ಲಿ ಉಳಿಯುತ್ತವೆ. ತೇವವಿದ್ದರೆ ಅಂಚಿನ ಸಂದಿಗಳಲ್ಲಿ ಕಪ್ಪು ಬೂಷ್ಟು ಹಿಡಿಯುತ್ತದೆ. ಪಾತ್ರೆ ತೊಳೆಯುವ ದ್ರವ ಮತ್ತು ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ ಅದನ್ನು ತಿಕ್ಕಿ ತೆಗೆಯಬಹುದು.