ಬಿದಿರಿನ ಪೊಳ್ಳಿನಲ್ಲಿ ಹುಟ್ಟುವ ಕಲ್ಲು: ವಂಶಲೋಚನದ ಮೂರು ಹೆಸರುಗಳು

ಬಿದಿರಿನ ಎರಡು ಗೆಣ್ಣುಗಳ ನಡುವಿನ ಪೊಳ್ಳಿನಲ್ಲಿ ನಿಂತ ರಸವು ನಿಧಾನವಾಗಿ ಆರಿ ಗಟ್ಟಿಯಾದಾಗ ದೊರೆಯುವ, ಬಿಳಿಯ ಅಥವಾ ತುಸು ನೀಲಿ ಛಾಯೆಯ ತುಣುಕುಗಳನ್ನು ಆಯುರ್ವೇದದ ಪಂಡಿತರು ವಂಶಲೋಚನವೆಂದೂ, ಯುನಾನಿ ಹಕೀಮರು ತಬಾಶೀರ್ ಎಂದೂ, ಚೀನೀ ವೈದ್ಯರು ಟಿಯೆನ್‌ಝು ಹುವಾಂಗ್ ಎಂದೂ ಕರೆಯುತ್ತಾರೆ. ಕನ್ನಡ ಮತ್ತು ಉರ್ದು ಮನೆಮಾತಿನ ಕುಟುಂಬಗಳು ನೆರೆಹೊರೆಯಾಗಿ ಬಾಳುವ ಮೈಸೂರಿನ ಉದಯಗಿರಿಯಂಥ ಬಡಾವಣೆಯಲ್ಲಿ ಮೊದಲ ಎರಡು ಹೆಸರುಗಳು ಪರಕೀಯವಲ್ಲ. ಆದರೆ ಮೂರನೆಯ ಹೆಸರಿನೊಳಗೆ ಭಾರತವೇ ಅಡಗಿದೆ ಎಂಬುದು ಹೆಚ್ಚಿನವರಿಗೆ ತಿಳಿಯದ ಸಂಗತಿ. ಟಿಯೆನ್‌ಝು ಎಂಬುದು ಪ್ರಾಚೀನ ಚೀನೀಯರು ಭಾರತಕ್ಕೆ ಇಟ್ಟಿದ್ದ ಹೆಸರು, ಹುವಾಂಗ್ ಎಂದರೆ ಹಳದಿ; ಝು ಎಂಬ ಉಚ್ಚಾರವೇ ಆ ಭಾಷೆಯಲ್ಲಿ ಬಿದಿರನ್ನೂ ಸೂಚಿಸುವುದರಿಂದ ದೇಶದ ಹೆಸರೂ ಗಿಡದ ಹೆಸರೂ ಒಂದೇ ಪದದಲ್ಲಿ ಕೇಳಿಬರುತ್ತವೆ.

ಸಸ್ಯದಲ್ಲಿ ಹುಟ್ಟಿದರೂ ಈ ವಸ್ತುವಿನ ಸ್ವಭಾವ ಖನಿಜದ್ದು. ಬಿದಿರು ನೆಲದಿಂದ ಹೀರಿಕೊಂಡ ಸಿಲಿಕಾ, ಅಂದರೆ ಮರಳಿನಲ್ಲಿಯೂ ಬೆಣಚುಕಲ್ಲಿನಲ್ಲಿಯೂ ಇರುವ ಅದೇ ಪದಾರ್ಥ, ಇಲ್ಲಿ ನೀರಿನ ಅಂಶವನ್ನು ಉಳಿಸಿಕೊಂಡು ಕ್ಷೀರಸ್ಫಟಿಕವನ್ನು ಹೋಲುವ ರೂಪದಲ್ಲಿ ಗಟ್ಟಿಯಾಗುತ್ತದೆ. 1790ರಲ್ಲಿ ವೈದ್ಯ ಪ್ಯಾಟ್ರಿಕ್ ರಸೆಲ್ ಈ ವಸ್ತುವಿನ ಕುರಿತು ಭಾರತದಿಂದ ಕಳುಹಿಸಿದ ವಿವರಗಳು ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಮಂಡನೆಯಾದ ಮರುವರ್ಷವೇ, ಮುಂದೆ ತನ್ನ ಸಂಪತ್ತಿನಿಂದ ಸ್ಮಿತ್‌ಸೋನಿಯನ್ ಸಂಸ್ಥೆಯ ಸ್ಥಾಪನೆಗೆ ಕಾರಣನಾದ ಜೇಮ್ಸ್ ಸ್ಮಿತ್ಸನ್ ಈ ತುಣುಕುಗಳನ್ನು ರಾಸಾಯನಿಕವಾಗಿ ಪರೀಕ್ಷಿಸಿ, ಅವು ಬಹುಪಾಲು ಸಿಲಿಕಾ ಎಂದು ತೋರಿಸಿದನು. ಮೈಸೂರು ಸೀಮೆಯ ಕಾಡುಗಳಲ್ಲಿ ಬೆಳೆಯುವ ಹೆಬ್ಬಿದಿರು ಭಾರತದಲ್ಲಿ ವಂಶಲೋಚನದ ಮುಖ್ಯ ಮೂಲ. ಆದರೆ ಎಲ್ಲ ಬಿದಿರಿನಲ್ಲಿಯೂ ಅದು ದೊರೆಯುವುದಿಲ್ಲ, ದೊರೆತರೂ ಅಲ್ಪ ಪ್ರಮಾಣದಲ್ಲಿ ಮಾತ್ರ.

ಚೀನೀ ವೈದ್ಯಶಾಸ್ತ್ರವು ಇದನ್ನು ಸಿಹಿ ರುಚಿಯ, ಶೀತ ಗುಣದ, ಹೃದಯ ಮತ್ತು ಯಕೃತ್ತಿನ ಮಾರ್ಗಗಳನ್ನು ಸೇರುವ ದ್ರವ್ಯವೆಂದು ವರ್ಣಿಸುತ್ತದೆ. ಆ ಶಾಸ್ತ್ರದ ಪ್ರಕಾರ ಹೃದಯವು ಮನಸ್ಸಿನ ನೆಲೆಯಾಗಿದ್ದು, ಉಷ್ಣವೂ ಕಫವೂ ಸೇರಿ ಆ ನೆಲೆಯನ್ನು ಕದಡಿದಾಗ ಬೆಚ್ಚಿಬೀಳುವಿಕೆ, ಮಕ್ಕಳ ರಾತ್ರಿಯ ಅಳು, ಜ್ವರದ ಸೆಳೆತ ಮೊದಲಾದವು ಕಾಣಿಸಿಕೊಳ್ಳುತ್ತವೆ. ಟಿಯೆನ್‌ಝು ಹುವಾಂಗ್ ಕಫವನ್ನು ಕರಗಿಸಿ ಹೃದಯವನ್ನು ತಣಿಸುತ್ತದೆ ಎಂಬುದು ಅಲ್ಲಿನ ತಿಳಿವಳಿಕೆ. ಸೊಂಗ್ ರಾಜವಂಶದ ಕಾಲದ ಮಕ್ಕಳ ವೈದ್ಯ ಚಿಯೆನ್ ಯಿ ಬಳಸಿದ ಬಾವೊಲೊಂಗ್ ಗುಳಿಗೆಯಲ್ಲಿ ಇದು ಕಸ್ತೂರಿ, ಇಂಗಳೀಕ ಮತ್ತು ಮನಃಶಿಲೆಗಳೊಡನೆ ಸೇರಿತ್ತು. ಈ ಪೈಕಿ ಇಂಗಳೀಕವು ಪಾದರಸದ ಅದಿರು, ಮನಃಶಿಲೆಯು ಪಾಷಾಣದ ಅದಿರು. ಆದುದರಿಂದ ಅಂಥ ಹಳೆಯ ಯೋಗಗಳನ್ನು ಇಂದು ಮನೆಯಲ್ಲಿ ಅನುಕರಿಸುವುದು ಅಪಾಯಕಾರಿ.

ಯುನಾನಿಯಲ್ಲಿಯೂ ತಬಾಶೀರ್ ತಂಪಿನ ದ್ರವ್ಯವೇ. ಸಂಸ್ಕೃತದ ತ್ವಕ್‌ಕ್ಷೀರ ಎಂಬ ಪದವೇ ಪರ್ಷಿಯನ್ ಮತ್ತು ಅರಬ್ಬಿಗಳಲ್ಲಿ ತಬಾಶೀರ್ ಆಯಿತೆಂದು ವಿದ್ವಾಂಸರು ಹೇಳುತ್ತಾರೆ. ಎದೆಬಡಿತ ಮತ್ತು ಕಾಯಿಲೆಯ ನಂತರದ ನಿತ್ರಾಣಕ್ಕೆ ಕೊಡುವ ಖಮೀರಾ ಮರ್ವಾರೀದ್ ಎಂಬ ಲೇಹ್ಯದಲ್ಲಿ ಮುತ್ತಿನ ಪುಡಿ, ಶ್ರೀಗಂಧ ಮತ್ತು ಗುಲಾಬಿ ಜಲದೊಡನೆ ತಬಾಶೀರ್ ಸೇರುತ್ತದೆ. ಪಾಕವನ್ನು ಬಿಳುಪೇರಿ ಹಗುರವಾಗುವವರೆಗೆ ಮರದ ಕೋಲಿನಿಂದ ಕಡೆಯುವುದು ಖಮೀರಾ ತಯಾರಿಕೆಯ ಮುಖ್ಯ ಕುಶಲತೆ. ಆಯುರ್ವೇದದಲ್ಲಾದರೋ ಇದರ ಪ್ರಸಿದ್ಧಿ ಕೆಮ್ಮಿನ ಮದ್ದಾದ ಸಿತೋಪಲಾದಿ ಚೂರ್ಣದಲ್ಲಿದ್ದು, ಅದರಲ್ಲಿ ಕಲ್ಲುಸಕ್ಕರೆ 16, ವಂಶಲೋಚನ 8, ಹಿಪ್ಪಲಿ 4, ಏಲಕ್ಕಿ 2, ದಾಲ್ಚಿನ್ನಿ 1 ಭಾಗಗಳಲ್ಲಿ ಸೇರುತ್ತವೆ.

ಇಷ್ಟು ಬೇಡಿಕೆಯಿರುವ ವಸ್ತು ವಿರಳವೂ ಆಗಿರುವುದರಿಂದ ಗ್ರಂಧಿಗೆ ಅಂಗಡಿಗಳ ವ್ಯಾಪಾರದಲ್ಲಿ ಕೃತಕ ಸಿಲಿಕಾ ಮತ್ತು ಕೂವೆಗೆಡ್ಡೆಯ ಹಿಟ್ಟು ಇದೇ ಹೆಸರಿನಲ್ಲಿ ಸೇರಿಕೊಂಡಿವೆ. ಅಸಲಿ ತುಣುಕು ಸೂಕ್ಷ್ಮರಂಧ್ರಗಳಿಂದ ತುಂಬಿರುವುದರಿಂದ ನಾಲಿಗೆಗೆ ಅಂಟಿಕೊಳ್ಳುತ್ತದೆ, ನೀರಿಗೆ ಹಾಕಿದರೆ ಗಾಳಿಯ ಗುಳ್ಳೆಗಳನ್ನು ಬಿಡುತ್ತ ಮೆಲ್ಲಗೆ ಪಾರದರ್ಶಕವಾಗುತ್ತದೆ. ಹಿಟ್ಟಿನ ಬೆರಕೆಯಿದ್ದರೆ ಅಯೋಡಿನ್ ತಾಗಿದೊಡನೆ ನೀಲಿ ಬಣ್ಣಕ್ಕೆ ತಿರುಗುತ್ತದೆ. ಆದರೆ ಕೃತಕ ಸಿಲಿಕಾವನ್ನು ಬೇರ್ಪಡಿಸಲು ಪ್ರಯೋಗಾಲಯವೇ ಬೇಕಾಗುತ್ತದೆ.

ಮನಸ್ಸನ್ನು ಶಾಂತಗೊಳಿಸುವ ಗುಣವು ಈ ವೈದ್ಯಪದ್ಧತಿಗಳ ಒಳಗಿನ ನಂಬುಗೆಯೇ ಹೊರತು ಆಧುನಿಕ ಚಿಕಿತ್ಸಾ ಪರೀಕ್ಷೆಗಳಿಂದ ಸ್ಥಿರಪಟ್ಟ ಮಾತಲ್ಲ. ಸೆಳೆತ ಬಂದ ಮಗುವನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಹಾಗಿದ್ದರೂ ಈ ಕಲ್ಲಿನ ಕುರಿತ ತಿಳಿವು ಉಳಿಯಬೇಕಾದದ್ದೇ. 1908ರಲ್ಲಿ ಮೈಸೂರಿನಲ್ಲಿ ಆರಂಭವಾದ ಸರ್ಕಾರಿ ಆಯುರ್ವೇದ ಕಾಲೇಜಿಗೂ, 1984ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಯುನಾನಿ ಸಂಸ್ಥೆಗೂ ಈ ದ್ರವ್ಯ ಸಮಾನ ಆಸ್ತಿ. ಅಸಲಿಯನ್ನು ಗುರುತಿಸುವ ವಿದ್ಯೆಯನ್ನು ಎರಡೂ ಕಡೆಯವರು ಕೂಡಿ ಬೆಳೆಸಿದರೆ, ವಂಶಲೋಚನವೆಂದು ಕೇಳಿದವರಿಗೂ ತಬಾಶೀರ್ ಎಂದು ಕೇಳಿದವರಿಗೂ ಬಿದಿರಿನೊಳಗಿನ ಅದೇ ಕಲ್ಲು ದೊರೆಯುತ್ತದೆ.