ಕೆಂಪು ಕಣ್ಣೆಲ್ಲ ಮದ್ರಾಸ್ ಐ ಅಲ್ಲ

ಚಿಲಮತ್ತೂರು, ಹಿಂದೂಪುರ, ಕಲ್ಯಾಣದುರ್ಗದ ಕಡೆ ಮಗುವಿನ ಕಣ್ಣು ಕೆಂಪಾದರೆ ‘ಮದ್ರಾಸ್ ಐ’ ಎಂದು ಮೆಡಿಕಲ್ ಶಾಪಿನಿಂದ ಡ್ರಾಪ್ಸ್ ತರುವುದೇ ರೂಢಿ. ಎಷ್ಟೋ ಸಲ ವಾಸಿಯೂ ಆಗುತ್ತದೆ. ಆದರೆ ಒಂದೇ ಕಣ್ಣು ವಾರಗಟ್ಟಲೆ ಕೆಂಪಾಗಿದ್ದು, ಕರಿಗುಡ್ಡೆಯ ಒಳಗೆ ಅಕ್ಕಿನುಚ್ಚಿನಂಥ ಬಿಳಿ ಗಂಟು ಕಂಡರೆ ಕೇಳಬೇಕಾದ ಪ್ರಶ್ನೆ ಬೇರೆ: ಕೆರೆಯಲ್ಲಿ ಈಜಿದ್ದೆಯಾ, ಮಗಾ?

ಮದುರೆಯ ಅರವಿಂದ ಕಣ್ಣಿನ ಆಸ್ಪತ್ರೆಯ ಡಾ. ಎಸ್.ಆರ್. ರತಿನಂ ಮತ್ತು ಸಂಗಡಿಗರು ಇಂಥ ಮಕ್ಕಳ ಬಗ್ಗೆ 2002ರಲ್ಲೇ ಬರೆದಿದ್ದರು. ಹೆಚ್ಚಿನವರು ಊರ ಕೆರೆ, ಹೊಳೆಯಲ್ಲಿ ಮುಳುಗೇಳುತ್ತಿದ್ದ ಹಳ್ಳಿಹುಡುಗರು. ಗಂಟಿಗೆ ಕಾರಣ ಒಂದು ಚಪ್ಪಟೆಹುಳು ಎಂಬುದು ಅವರ ಗುಮಾನಿ. 2016ರಲ್ಲಿ ಡಿಎನ್‌ಎ ಪರೀಕ್ಷೆ ಆ ಹುಳುವಿನ ಹೆಸರನ್ನೇ ಹೇಳಿತು: ಪ್ರೊಸೆರೋವಮ್ ವೇರಿಯಮ್. ಮಕ್ಕಳು ಈಜಿದ ನೀರಿನ ಬಸವನಹುಳುಗಳಲ್ಲೂ ಅದೇ ಸಿಕ್ಕಿತು. ಚೂಪು ತುದಿಯ ಉದ್ದನೆ ಚಿಪ್ಪಿನ ಆ ಬಸವನಹುಳು ದಕ್ಷಿಣದ ಸಿಹಿನೀರಿನಲ್ಲೆಲ್ಲ ಸಾಮಾನ್ಯ.

ಹುಳುವಿನ ದಾರಿ ಸುತ್ತುಬಳಸಿನದು. ಹಕ್ಕಿಯ ಹಿಕ್ಕೆಯಿಂದ ನೀರಿಗೆ, ಬಸವನಹುಳುವಿಗೆ, ಅಲ್ಲಿಂದ ಬಾಲದ ಮರಿಯಾಗಿ ಈಜಿ ಮೀನಿಗೆ, ಮೀನು ತಿಂದ ಹಕ್ಕಿಗೆ. ಮಗುವಿನ ಕಣ್ಣು ಅದು ದಾರಿ ತಪ್ಪಿ ಹೊಕ್ಕ ಮನೆ. ಅಲ್ಲಿ ಬೆಳೆಯಲಾಗದು, ಕಣ್ಣನ್ನು ಸುಮ್ಮನೆ ಬಿಡುವುದೂ ಇಲ್ಲ. (ಇದನ್ನೋದಿ ಚಿಲಮತ್ತೂರಿನ ವೀರಾಪುರಕ್ಕೆ ವರ್ಷವರ್ಷ ಬರುವ ಬಣ್ಣದ ಕೊಕ್ಕರೆಗಳ ಮೇಲೆ ಯಾರೂ ಕಲ್ಲೆತ್ತಬೇಡಿ. ಊರವರು ಅವನ್ನು ಮನೆಮಕ್ಕಳಂತೆ ಕಾಯುತ್ತಾರೆ.)

ಸಣ್ಣ ಗಂಟು ಸ್ಟಿರಾಯ್ಡ್ ಹನಿಗೆ ಕರಗುತ್ತದೆ, ದೊಡ್ಡದನ್ನು ಸೂಜಿಯಿಂದ ಹೀರಿ ತೆಗೆಯಬೇಕು. ತಡವಾದರೆ ಪೊರೆ ಬರಬಹುದು, ದೃಷ್ಟಿಯೇ ಹೋಗಬಹುದು. ಹಾಗೆಂದು ಅದೇ ಹನಿಯನ್ನು ಅಂಗಡಿಯಿಂದ ತಂದು ಬಿಟ್ಟುಕೊಳ್ಳುವುದು ಇನ್ನೂ ಕೆಟ್ಟದ್ದು: ಕಣ್ಣಲ್ಲಿ ಫಂಗಸ್ಸಿನ ಹುಣ್ಣಿದ್ದರೆ ಸ್ಟಿರಾಯ್ಡ್ ಅದನ್ನು ಕೆರಳಿಸುತ್ತದೆ. ಎಲೆರಸ, ಎದೆಹಾಲು ಹಿಂಡುವವರಿಗೂ ಇದೇ ಮಾತು. ಕಣ್ಣಿನ ಡಾಕ್ಟರಿಗೆ ಮೊದಲೇ ಕೆರೆಯ ಸಂಗತಿ ಹೇಳಿದರೆ ಅರ್ಧ ಕೆಲಸ ಮುಗಿಯಿತು.

ಕುರಿ ಕಾಯುವ ಮಕ್ಕಳಿಗೆ ಇನ್ನೊಂದು ಕಾಟವುಂಟು. ಒಂದು ಜಾತಿಯ ನೊಣ ಮೊಟ್ಟೆ ಇಡುವುದಿಲ್ಲ. ಹಾರುತ್ತಲೇ ಕುರಿಯ ಮೂಗಿಗೆ ಜೀವಂತ ಮರಿಹುಳುಗಳನ್ನು ಚಿಮ್ಮಿಸುತ್ತದೆ. ಗುರಿ ತಪ್ಪಿದರೆ ಹುಡುಗನ ಕಣ್ಣು. ‘ಏನೋ ಬಡಿದಂಗಾಯ್ತು’ ಎನ್ನುತ್ತಾನೆ, ಆಮೇಲೆ ನೀರು ಸುರಿದು ಕಸ ಚುಚ್ಚಿದ ಹಾಗೆ. ಒಂದು ಮಿಲಿಮೀಟರ್ ಹುಳು, ಬಾಯಲ್ಲಿ ಕೊಕ್ಕೆ. ತೊಳೆದರೆ ಬಿಡದು, ಬೆಳಕು ಬಿದ್ದರೆ ರೆಪ್ಪೆಯ ಮೂಲೆಗೆ ಓಡುತ್ತದೆ. ಮರಗಟ್ಟಿಸುವ ಹನಿ ಬಿಟ್ಟು, ಡಾಕ್ಟರು ಚಿಮಟದಲ್ಲಿ ಒಂದೊಂದನ್ನೇ ಹಿಡಿದು ತೆಗೆಯುತ್ತಾರೆ.