ಕೆತ್ತನೆ ಹೊತ್ತ ಹೆನ್ರಿ ರೈಫಲ್

ಬೆಂಜಮಿನ್ ಟೈಲರ್ ಹೆನ್ರಿ 1860ರಲ್ಲಿ ಪೇಟೆಂಟ್ ಪಡೆದ, ಅಮೆರಿಕದ ನ್ಯೂ ಹೇವನ್ ಆರ್ಮ್ಸ್ ಕಂಪನಿ ತಯಾರಿಸಿದ ಹೆನ್ರಿ ರೈಫಲ್, ಹಳೆಯ ಬಂದೂಕುಗಳ ಸಂಗ್ರಾಹಕರು ಅತ್ಯಂತ ಆಸ್ಥೆಯಿಂದ ಅರಸುವ ಆಯುಧಗಳಲ್ಲಿ ಒಂದು. ಇದರ ಲಿವರನ್ನು, ಅಂದರೆ ಟ್ರಿಗರ್‌ನ ಸುತ್ತ ಬಳೆಯಂತೆ ಬಾಗಿರುವ ಸನ್ನೆಯನ್ನು, ಕೆಳಕ್ಕೆ ತಳ್ಳಿದಾಗ ಖಾಲಿ ತೋಟೆ ಹೊರಬಿದ್ದು ಸುತ್ತಿಗೆ ಹಿಂದಕ್ಕೆ ಸರಿಯುತ್ತದೆ. ಮತ್ತೆ ಮೇಲಕ್ಕೆಳೆದಾಗ ನಳಿಗೆಯ ಕೆಳಗಿನ ಕೊಳವೆಯಿಂದ ಬಂದ ಹೊಸ ತೋಟೆ ಒಳಸೇರುತ್ತದೆ. ಒಮ್ಮೆಗೆ ಒಂದೇ ಗುಂಡು ತುಂಬುವ ಬಂದೂಕುಗಳೇ ಸಾಮಾನ್ಯವಾಗಿದ್ದ ಆ ಕಾಲಕ್ಕೆ ಇದು ನಿಜಕ್ಕೂ ಅಸಾಧಾರಣವಾದ ಏರ್ಪಾಡಾಗಿತ್ತು.

ಇದರ ಚೌಕಟ್ಟನ್ನು ಗನ್‌ಮೆಟಲ್‌ನಿಂದ, ಅಂದರೆ ತಾಮ್ರ ಪ್ರಧಾನವಾದ, ಉಕ್ಕಿಗಿಂತ ಮೃದುವಾದ ಹಳದಿ ಮಿಶ್ರಲೋಹದಿಂದ ಮಾಡುತ್ತಿದ್ದುದರಿಂದ, ಅದು ಉಳಿಯ ಮೊನೆಗೆ ಸುಲಭವಾಗಿ ಒಗ್ಗುತ್ತಿತ್ತು. ಕುಶಲಿಗಳು ಕೆಲವು ರೈಫಲ್‌ಗಳ ಮೇಲೆ ಎಲೆಬಳ್ಳಿಗಳ ಸುರುಳಿಗಳನ್ನು ಕೈಯಿಂದಲೇ ಕೆತ್ತಿದರು. ಅಧ್ಯಕ್ಷ ಅಬ್ರಹಾಂ ಲಿಂಕನ್ ಅವರಿಗೆ ಕಾಣಿಕೆಯಾಗಿ ಸಂದ, ಅವರ ಹೆಸರನ್ನೂ ಕೆತ್ತಿರುವ, 6ನೇ ಕ್ರಮಸಂಖ್ಯೆಯ ರೈಫಲ್ ಈ ಕಲೆಯ ಪ್ರಸಿದ್ಧ ಮಾದರಿಯಾಗಿದ್ದು, ಸ್ಮಿತ್‌ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿದೆ.

ಇಂಥ ರೈಫಲ್‌ಗೆ ಬೆಲೆ ಕಟ್ಟುವವರು ಗೆರೆಗಳ ಅಂಚನ್ನು ಭೂತಗನ್ನಡಿಯಲ್ಲಿ ಪರೀಕ್ಷಿಸಿ, ಕೆತ್ತನೆ ಮೂಲದ್ದೋ ನಂತರದವರು ಸೇರಿಸಿದ್ದೋ ಎಂಬುದನ್ನು ನಿರ್ಧರಿಸುತ್ತಾರೆ. ಹೊಸದಾಗಿ ಕಾಣಲೆಂದು ಉಜ್ಜಿ ಹೊಳಪು ಕೊಟ್ಟರೆ ಈ ಸೂಕ್ಷ್ಮ ಗೆರೆಗಳು ಸವೆದುಹೋಗುವುದರಿಂದ, ಕಾಲ ಕೂಡಿಸಿದ ಮಸುಕನ್ನು ಹಾಗೆಯೇ ಉಳಿಸಿಕೊಂಡ ರೈಫಲ್ಲೇ ಹೆಚ್ಚು ಬೆಲೆಬಾಳುತ್ತದೆ.